ಅವ್ವನಿಗೆ ತರಿಸಿದ ಕುರ್ಚಿ

ನಮ್ಮವ್ವ ನೀರು ಕುಡಿಯುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಳು. ಇದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಶಾಲೆ ಮುಗಿಸಿ ಬಂದು ಮಜ್ಜಿಗೆ ಮಾಡಿ ಮುಂದಿಟ್ಟರೆ "ಹೊಟ್ಟಿ ತುಂಬ್ಯಾದ, ನೀ ಕುಡಿ" ಎನ್ನುತ್ತಿದ್ದಳು. ನಾನು ಗಟಗಟ ಕುಡಿದು ಪಾಠದ ತಯಾರಿಗೆ ಕೂರುತ್ತಿದ್ದೆ. ಕೊನೆಗೆ ಉರಿಮೂತ್ರವಾಗಿ ಚಳಿಜ್ವರ ಬಂದು ದವಾಖಾನೆಗೆ ಕರೆದೊಯ್ದಾಗ ಡಾಕ್ಟರು ನನ್ನನ್ನೇ ಗದರಿದರು. ಶಹಾಪುರದ ಬಿಸಿಲಿನಲ್ಲಿ ಈ ವಯಸ್ಸಿನವರು ನೀರಿಲ್ಲದೆ ಇದ್ದರೆ ಕಿಡ್ನಿ ಉಳಿಯುತ್ತದೆಯೇ, ಮನೆಯಲ್ಲಿ ನೋಡುವವರು ಯಾರೂ ಇಲ್ಲವೇ ಅಂತ. ಹತ್ತನೇ ತರಗತಿಯ ಹುಡುಗರನ್ನು ಕಣ್ಣಿನಲ್ಲೇ ಕೂರಿಸುವ ನಾನು ಅಲ್ಲಿ ತಲೆ ತಗ್ಗಿಸಿ ನಿಂತೆ.

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. ಮನೆಯಲ್ಲಿರುವುದು ನಾವಿಬ್ಬರೇ. ನಾನು ಮದುವೆಯ ಗೊಡವೆಗೆ ಹೋದವಳಲ್ಲ, ಹಾಗಾಗಿ ನನ್ನ ಸಿಟ್ಟೂ ಅವಳಿಗೇ, ಪ್ರೀತಿಯೂ ಅವಳಿಗೇ. ಅವಳು ಸ್ವಲ್ಪ ಹೊತ್ತು ಬೈಸಿಕೊಂಡು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

"ಮೊಣಕಾಲು ಮಡಚಾಕ ಬರವಲ್ದು ಬೇ. ಸಂಡಾಸದಾಗ ಕುಂತ್ರ ಏಳಾಕ ಆಗಂಗಿಲ್ಲ. ನಿನ್ನ ಕೂಗಬೇಕು, ನೀ ಬಂದು ರಟ್ಟಿ ಹಿಡದು ಎತ್ತಬೇಕು. ಹೆತ್ತ ಮಗಳಾದ್ರೇನು, ಮಾನ ಅನ್ನೋದು ಅದನೋ ಇಲ್ಲೋ? ಅದಕ್ಕ ನೀರ ಕಡಿಮಿ ಮಾಡೀನಿ."

ದೇವಾಪುರದ ಕಡೆಯ ಕುರಿಗಾರರ ಮನೆಯವಳು ಅವಳು. ಹಟ್ಟಿಯಿಂದ ಹೊಲಕ್ಕೆ, ಹೊಲದಿಂದ ಹೊಳೆಗೆ ಕುರಿಯ ಹಿಂದೆ ನಡೆದೇ ಆಯುಷ್ಯ ಸವೆಸಿದ್ದಾಳೆ. ಆ ಕಾಲುಗಳೇ ನನ್ನನ್ನು ಓದಿಸಿದ್ದು. ಈಗ ಅವು ಸತ್ಯಾಗ್ರಹ ಹೂಡಿದರೆ ಬೈಯುವುದಾದರೂ ಯಾರನ್ನು? ಮನೆ ಬಾಡಿಗೆಯದು. ಸಂಡಾಸ ಬದಲಿಸಲೇ ಎಂದು ಕೇಳಿದರೆ ಮಾಲಕರು "ನೆಲದ ಫರಸಿ ಒಡಿಯೋದು ಮಾತ್ರ ಬ್ಯಾಡ್ರಿ ಟೀಚರ್" ಎಂದುಬಿಟ್ಟರು. ಕೊನೆಗೆ ಸಹೋದ್ಯೋಗಿಯೊಬ್ಬಳು ಫೋನಿನಲ್ಲಿ ಕಮೋಡ್ ಕುರ್ಚಿ ತೋರಿಸಿದಳು. ನಾಲ್ಕು ಕಾಲು, ಎರಡು ಕಡೆ ಹಿಡಿಕೆ, ನಡುವೆ ತೂತು, ಕೆಳಗೆ ಬಕೆಟ್ಟು. ಅಲ್ಲಿಯೇ ನಿಂತು ಆರ್ಡರ್ ಮಾಡಿದೆ.

ಅವ್ವ ಚಿತ್ರ ನೋಡಿ ಮುಖ ಸಿಂಡರಿಸಿದಳು. "ಇದು ಸಾಯೋರು ಕುಂದ್ರೋ ಕುರ್ಚಿ. ಇದರ ಮ್ಯಾಲ ಕುಂತ ಮ್ಯಾಲ ಮತ್ತ ಏಳೋದೇನದ? ನಾ ಒಲ್ಲೆ." ಬರಲಿ ಮೊದಲು, ಆಮೇಲೆ ನೋಡೋಣ ಎಂದು ನಾನು ಬಾಯಿ ಮುಚ್ಚಿಕೊಂಡೆ.

ಪಾರ್ಸೆಲ್ ಬರುವ ದಿನ ಪಕ್ಕದ ಮನೆಯ ಹುಡುಗಿಯ ಮದುವೆ. ಗಂಡಿನವರು ಸೈದಾಪುರದವರು. ನಮ್ಮ ಓಣಿ ಮೊದಲೇ ಕಿರಿದು, ಅದರ ತುಂಬ ಹಂದರ ಹಾಕಿದ್ದರು. ನನಗೆ ಯಾದಗಿರಿಯಲ್ಲಿ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ, ರಜೆ ಕೇಳಿದರೂ ಸಿಗಲಿಲ್ಲ. ಅವ್ವ ಮಾತ್ರ ಮನೆಯಲ್ಲಿದ್ದಳು, ಅದೂ ಬಾಗಿಲು ಹಾಕಿಕೊಂಡು. ಯಾರಾದರೂ ಕಂಡರೆ ಪಂಕ್ತಿಗೆ ಎಳೆದುಕೊಂಡು ಹೋಗುತ್ತಾರೆ, ನೆಲಕ್ಕೆ ಕುಳಿತರೆ ಏಳಿಸುವವರು ಯಾರು ಎಂಬ ಹೆದರಿಕೆ.

ಪೇಪರ್ ತಿದ್ದುವ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಸಂಜೆ ಹೊರಗೆ ಬಂದು ನೋಡಿದರೆ ಗೊತ್ತಿಲ್ಲದ ನಂಬರಿನಿಂದ ಕರೆ ಮೇಲೆ ಕರೆ, ಅದರ ಕೆಳಗೆ 'ನಿಮ್ಮ ಪಾರ್ಸೆಲ್ ತಲುಪಿದೆ' ಎಂಬ ಸಂದೇಶ. ಖುಷಿಯಿಂದ ಬಸ್ಸು ಹತ್ತಿದೆ. ಮನೆಗೆ ಬಂದರೆ ಕುರ್ಚಿಯೂ ಇಲ್ಲ, ಡಬ್ಬಿಯೂ ಇಲ್ಲ. "ಯಾವನೂ ಬಂದಿಲ್ಲ, ಯಾವನೂ ಬಾಗಲಾ ಬಡದಿಲ್ಲ" ಎಂದಳು ಅವ್ವ. ಅವಳ ಮುಖದ ಮೇಲಿನ ಸಮಾಧಾನ ನೋಡಿ ನನಗೆ ಇನ್ನೂ ಉರಿಯಿತು.

ಕಂಪನಿಯವರು ಸಾಕ್ಷಿಗೆಂದು ಒಂದು ಫೋಟೋ ಹಾಕಿದ್ದರು. ಜಮಖಾನೆಯ ಮೇಲೆ ನನ್ನ ಡಬ್ಬಿ, ಸುತ್ತ ಒಂದಿಷ್ಟು ಅಕ್ಕಿಕಾಳು, ಮೂಲೆಯಲ್ಲಿ ಯಾರದೋ ಕಾಲುಂಗುರದ ಪಾದ. ನಮ್ಮ ಮನೆಯಲ್ಲಿ ಜಮಖಾನೆಯೇ ಇಲ್ಲ! ಡಬ್ಬಿ ತಂದವನಿಗೆ ಫೋನ್ ಹಚ್ಚಿದೆ.

"ಮೇಡಂ, ನಿಮ್ಮ ಮನ್ಯಾಗೇ ಕೊಟ್ಟೀನ್ರಿ" ಎಂದ. "ಹೆಸರು ಹೇಳಿ ಕೇಳೇ ಕೊಟ್ಟೀನಿ. ಊಟ ಸುದ್ದಾ ಮಾಡಿ ಬಂದೀನ್ರಿ."

"ಯಾರ ಮನ್ಯಾಗ ಉಂಡಿಯೋ ತಮ್ಮಾ? ನಮ್ಮನ್ಯಾಗ ಇವತ್ತ ಮುಂಜಾನಿಂದ ಒಲಿನೇ ಹತ್ತಿಲ್ಲ!"

"ಹುಗ್ಗಿ ಭಾಳ ಛಲೋ ಇತ್ರಿ ಮೇಡಂ."

ಇವನ ನಾಲಿಗೆ ನೋಡು ಎಂದು ಫೋನ್ ಕುಕ್ಕಿದೆ. ಆಮೇಲೆ ಕಂಪನಿಯ ದೂರಿನ ನಂಬರಿಗೆ ಮಾಡಿದೆ. ಅತ್ತಲಿಂದ ಒಬ್ಬ ಹುಡುಗಿ ಜೇನಿನಂಥ ಹಿಂದಿಯಲ್ಲಿ, ನಿಮಗಾದ ಅನುಭವಕ್ಕೆ ವಿಷಾದಿಸುತ್ತೇವೆ, ಆದರೆ ನಮ್ಮ ದಾಖಲೆಯ ಪ್ರಕಾರ ಪಾರ್ಸೆಲ್ ತಲುಪಿದೆ ಎಂದಳು. ನನ್ನ ಅನುಭವ ಹಾಳಾಗಲಿ ತಾಯಿ, ಕುರ್ಚಿ ಎಲ್ಲಿದೆ ಹೇಳು ಎಂದು ನನಗೆ ಬರುವ ಹರಕುಮುರುಕು ಹಿಂದಿಯಲ್ಲೇ ಕೂಗಾಡಿದೆ. ಅವಳು ಮತ್ತೆ ವಿಷಾದಿಸಿದಳು. ಪಕ್ಕದವರನ್ನು ಕೇಳೋಣವೆಂದರೆ ಅವರ ಮನೆಗೆ ಬೀಗ. ಮಗಳನ್ನು ಬಿಟ್ಟುಬರಲು ಎಲ್ಲರೂ ಸೈದಾಪುರಕ್ಕೆ ಹೋಗಿದ್ದರು.

"ಛಲೋ ಆತು ಬಿಡು. ಬ್ಯಾಡಾಗಿದ್ದು ತಾನ ಹೋತು" ಎಂದು ಅವ್ವ ಮಗ್ಗುಲು ಬದಲಿಸಿದಳು. ನೀರಿನ ತಂಬಿಗೆ ಅವಳ ತಲೆಯ ಹತ್ತಿರ ತುಂಬಿದ್ದು ತುಂಬಿದ ಹಾಗೇ ಇತ್ತು.

ಭಾನುವಾರ ಪಕ್ಕದ ಮನೆಯ ಬಾಗಿಲು ತೆರೆಯಿತು. ಮದುವೆಗೆ ಹೋಗಲಾಗಲಿಲ್ಲವಲ್ಲ, ಹುಡುಗಿಗೆಂದು ತೆಗೆದಿಟ್ಟಿದ್ದ ಸೀರೆ ಹಿಡಿದುಕೊಂಡು ಹೋದೆ. ಹುಡುಗಿಯ ತಾಯಿಯನ್ನು ನಾನು ಯಕ್ಕ ಎನ್ನುತ್ತೇನೆ; ಟೀಚರಾದ ನಾನು ಅವರಿಗೆಲ್ಲ ಅಕ್ಕೋರು. ಅವಳು ಸೀರೆ ನೋಡಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

"ಮತ್ತ ಇದ್ಯಾಕ್ರಿ ಅಕ್ಕೋರೆ? ಅಷ್ಟು ದೊಡ್ಡ ಡಬ್ಬಿ ಆಯೇರಿ ಕಳಿಸಿ, ಮ್ಯಾಲ ಸೀರಿ ಬ್ಯಾರೆ ತಂದೀರಿ!"

"ಯಾವ ಡಬ್ಬಿ?"

"ಅಯ್ಯ, ಮರತೇಬಿಟ್ರೇನು? ಖಾಸ ಆಳಿನ ಕೈಲೆ ಕಳಿಸಿದ್ರಲ್ಲ! ಪಾಪ, ಬೆನ್ನಿಗೆ ಚೀಲ ಹಾಕ್ಕೊಂಡು ಬೆವತು ನೀರಾಗಿದ್ದ. ಉಣ್ಣಲಾರದ ಹ್ಯಾಂಗ ಕಳಸೋದ್ರಿ? ನಿಮ್ಮ ಹೆಸರು ಮೈಕಿನ್ಯಾಗ ಎರಡೆರಡು ಸಲ ಕೂಗಿಸೀವಿ, ಬಸ್‌ಸ್ಟ್ಯಾಂಡ್ ತನಕ ಕೇಳ್ಯಾದ."

ನನಗೆ ಎಲ್ಲ ಅರ್ಥವಾಯಿತು. ನಮ್ಮ ಕಡೆ ಮದುವೆಯ ಉಡುಗೊರೆ, ಆಯೇರಿ, ಅಂದರೆ ಕೈಯಲ್ಲಿ ಕೊಟ್ಟು ಸುಮ್ಮನೆ ಬರುವುದಲ್ಲ. ಸೀರೆಯಿರಲಿ, ಕೊಡವಿರಲಿ, ಯಾರು ಕೊಟ್ಟರೆಂದು ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗಬೇಕು, ಇಲ್ಲದಿದ್ದರೆ ಕೊಟ್ಟವರು ಮುನಿಸಿಕೊಳ್ಳುತ್ತಾರೆ. ಹಂದರ ದಾಟಲಾಗದೆ ಆ ಹುಡುಗ ನನ್ನ ಹೆಸರು ಹೇಳಿ ಕೇಳಿದ್ದಾನೆ. ಇವರು ನನ್ನ ಹೆಸರಿನ ಡಬ್ಬಿಯನ್ನು ನಾನು ಕಳಿಸಿದ ಆಯೇರಿ ಅಂದುಕೊಂಡು ಇಸಿದುಕೊಂಡಿದ್ದಾರೆ. ಮೈಕ್ ಹಿಡಿದವರು ಮೇಲಿನ ಚೀಟಿ ಓದಿ ಕೂಗಿದ್ದಾರೆ. ಡಬ್ಬಿ ತಿಜೋರಿ, ಮಂಚ, ಹಂಡೆಗಳ ಜೊತೆ ಟೆಂಪೋ ಏರಿ ಸೈದಾಪುರಕ್ಕೆ ಹೋಗಿದೆ.

"ಯಕ್ಕ, ಅದು ಆಯೇರಿ ಅಲ್ಲ" ಎಂದೆ. "ಅದು ನಮ್ಮವ್ವನ ಸಂಡಾಸದ ಕುರ್ಚಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು, ನಾನೂ ನಕ್ಕೆ. ಇಬ್ಬರೂ ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ನಗುತ್ತ ನಗುತ್ತಲೇ ಅವಳು ತಲೆಯ ಮೇಲೆ ಕೈಹೊತ್ತು ಕುಸಿದಳು.

"ಯವ್ವಾ, ನನ್ನ ಮಗಳ ಗತಿ ಏನ್ರಿ! ಬೀಗರು ಡಬ್ಬಿ ಬಿಚ್ಚಿ ನೋಡಿದ್ರ ಏನಂತಾರ? ತವರು ಮನಿಯವರು ಸಂಡಾಸ ಕಳಿಸ್ಯಾರ ಅಂತ ಓಣಿ ತುಂಬ ಆಡಿಕೋತಾರ. ನನ್ನ ಕೂಸು ಅಲ್ಲಿ ಹ್ಯಾಂಗ ತಲಿ ಎತ್ತಬೇಕು?"

ಫೋನ್ ಮಾಡಿ ಮಗಳನ್ನು ಕೇಳು ಎಂದೆ. "ಆಕಿ ಬಾಜೂಕ ಅತ್ತಿ ಕುಂತಿರತಾಳ್ರಿ, ಎಲ್ಲಾ ಕೇಳಸ್ತದ" ಎಂದು ಬೇಡವೆಂದಳು. ಹೇಗೂ ಮಗಳನ್ನು ತವರಿಗೆ ಕರೆತರಲು ಮರುದಿನ ಹೋಗುವವಳಿದ್ದಳು. ಪೇಪರ್ ತಿದ್ದುವ ಕೆಲಸ ಮುಗಿದಿತ್ತು, ನಾನೂ ಬರುತ್ತೇನೆ ಎಂದೆ. ಡಬ್ಬಿ ಬದಲಾಗಿದೆ ಎಂದು ಮೆಲ್ಲಗೆ ಹೇಳಿ, ಸೀರೆ ಕೊಟ್ಟು, ಕುರ್ಚಿ ಎತ್ತಿಕೊಂಡು ಬರುವುದು ನನ್ನ ಲೆಕ್ಕಾಚಾರ. ಅವ್ವನಿಗೆ ಎಲ್ಲ ಹೇಳಿದೆ. "ತರಬ್ಯಾಡ ಅದನ್ನ" ಎಂದಳು.

ಬುತ್ತಿಯ ಗಂಟು ಹೊತ್ತು ಯಾದಗಿರಿಗೆ ಬಸ್ಸು, ಅಲ್ಲಿಂದ ರೈಲು. ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಎಲ್ಲ ನಮ್ಮ ಕಾಲ ಬಳಿ ಘಮಘಮ ಎನ್ನುತ್ತಿದ್ದರೂ ಯಕ್ಕ ದಾರಿಯುದ್ದಕ್ಕೂ ಮನೆದೇವರನ್ನು ನೆನೆಯುತ್ತಿದ್ದಳು. ಡಬ್ಬಿ ಇನ್ನೂ ಬಿಚ್ಚಿರಬಾರದು, ಅಷ್ಟೇ ಅವಳ ಬೇಡಿಕೆ.

ಸೈದಾಪುರದ ಮನೆಯಲ್ಲಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಕಂಬಳಿಯ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ಒಳಕೋಣೆಯಿಂದ ಮುದುಕಿಯೊಬ್ಬಳ ಧ್ವನಿ ಕೇಳಿತು. "ಕುರ್ಚಿ ಕೊಟ್ಟ ಅಕ್ಕೋರು ಬಂದಾರೇನು? ಆಕೀನ ಒಳಗ ಕಳಸ್ರಿ!"

ಯಕ್ಕ ನನ್ನ ಕೈಯನ್ನು ಮುರಿದುಹೋಗುವ ಹಾಗೆ ಹಿಚುಕಿದಳು. ಹೋಗದೆ ಗತಿಯಿರಲಿಲ್ಲ, ಹೋದೆವು. ಮಂಚದ ಮೇಲೆ ಮದುಮಗನ ಅಜ್ಜಿ ಕುಳಿತಿದ್ದಳು. ಮಂಚಕ್ಕೆ ಹತ್ತಿಕೊಂಡು, ತೊಳೆದು ಒರೆಸಿ ಫಳಫಳ ಹೊಳೆಯುತ್ತ, ನಮ್ಮವ್ವನ ಕುರ್ಚಿ.

"ಬಾ ಯವ್ವಾ, ಹತ್ರ ಬಾ" ಎಂದು ಅಜ್ಜಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. "ಬಿದ್ದು ಟೊಂಕ ಮುರಕೊಂಡಾಗಿಂದ ಗಂಡಮಕ್ಕಳು ಎತ್ತಿ ಕೂಡಸ್ತಿದ್ರು. ನಾ ಹೆತ್ತ ಮಕ್ಕಳೇ, ಖರೆ. ಆದ್ರೂ ಮಾರಿ ಎಲ್ಲಿ ಇಡಲಿ? ಮುಂಜಾನಿ ಆಗೋದು ಬ್ಯಾಡ ಅನಸ್ತಿತ್ತು. ಈ ಹುಡುಗಿ ಬಂದ ಮರುದಿನ ಡಬ್ಬಿ ಬಿಚ್ಚಿ, ಯಾರಿಗೂ ಏನೂ ಅನ್ನಲಾರದ, ತಾನ ಜೋಡಿಸಿ ಇಲ್ಲಿ ತಂದಿಟ್ಟಳು. ಮಂದಿ ಸೊಸಿ ಬಂಗಾರ ತರತಾರ, ಪೆಟಿಗ್ಯಾಗ ಇಟ್ಟು ಕೀಲಿ ಹಾಕತಾರ. ಈಕಿ ನನ್ನ ಮಾನ ತಂದಾಳ ನೋಡು."

ಬಾಗಿಲಲ್ಲಿ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು, ಅವಳ ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು. ಯಕ್ಕ ಮೂಗು ಸೇದುತ್ತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಅಡುಗೆಮನೆಯಲ್ಲಿ ಹುಡುಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಇದು ನಿಮ್ಮವ್ವಂದು ಅಂತ ಬಿಚ್ಚಿದ ಕೂಡಲೇ ಗೊತ್ತಾತ್ರಿ ಅಕ್ಕೋರೆ. ಆದ್ರ ಆ ಹೊತ್ತಿಗೇ ಅಜ್ಜಿ ಒಳಗ ಅಳಾಕತ್ತಿದ್ದಳು. ಮತ್ತ ಡಬ್ಬ್ಯಾಗ ಹಾಕಿಡಾಕ ಕೈ ಬರಲಿಲ್ಲ."

ಕೇಳಬೇಕೆಂದು ಹೊತ್ತು ತಂದ ಮಾತನ್ನು ನುಂಗಿಕೊಂಡೆ. ಬೇಜಾರೇನೂ ಆಗಲಿಲ್ಲ. ನನ್ನ ಹೆಸರನ್ನು ಮೈಕಿನಲ್ಲಿ ಎರಡಲ್ಲ, ಹತ್ತು ಸಲ ಕೂಗಿದ್ದರೂ ತಪ್ಪಿಲ್ಲ ಎನಿಸಿತು. ಆದರೆ ಅಲ್ಲಿ ಅವ್ವ ತುಂಬಿದ ತಂಬಿಗೆ ಮುಂದಿಟ್ಟುಕೊಂಡು ಒಣಗುತ್ತಿದ್ದಾಳಲ್ಲ, ಅದು ಮಾತ್ರ ಎದೆಯಲ್ಲಿ ಕುಟುಕುತ್ತಿತ್ತು. ಅಜ್ಜಿಯ ಹತ್ತಿರ ಕುಳಿತು, ನಮ್ಮವ್ವನಿಗೂ ಇದೇ ಗೋಳು, ಇಂಥದ್ದನ್ನು ತರಿಸುತ್ತೇನೆಂದರೆ ಒಲ್ಲೆ ಅನ್ನುತ್ತಾಳೆ ಎಂದೆ.

"ಫೋನ್ ಹಚ್ಚು ಆಕಿಗೆ" ಎಂದಳು ಅಜ್ಜಿ. ಹಚ್ಚಿ, ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿ ಕೈಯಲ್ಲಿ ಕೊಟ್ಟೆ.

"ಏ ಯಕ್ಕ, ನಾ ಸೈದಾಪುರದಾಕಿ. ನಿನ್ನ ಮಗಳು ಕೊಟ್ಟ ಕುರ್ಚಿ ಮ್ಯಾಲ ಕುಂದರಾಕತ್ತೀನಿ ನೋಡು."

ಅವ್ವ ಕೇಳಿದಳು. "ಈಗ ಕುಂತಿಯೇನು?"

"ಈಗಲ್ಲ ಬೇ, ಮುಂಜಾನಿ!" ಕೋಣೆಯಲ್ಲಿದ್ದವರೆಲ್ಲ ನಕ್ಕರು.

"ಗಟ್ಟಿ ಅದನು? ಜೋಲಿ ಹೊಡಿಯಂಗಿಲ್ಲ?"

"ಎಮ್ಮಿ ಕುಂತ್ರೂ ಅಳಗಾಡಂಗಿಲ್ಲ."

"ಯಾರನ್ನೂ ಕೂಗಬೇಕಾಗಂಗಿಲ್ಲ?" ಅವ್ವನ ದನಿ ಸಣ್ಣದಾಗಿತ್ತು.

"ಯಾರನ್ನ ಯಾಕ ಕೂಗಲಿ? ಕೈ ಊರಿ ನಾನ ಏಳತೀನಿ. ಸಾಯೋ ತನಕ ಇದರ ಮ್ಯಾಲ ಕುಂತು ಏಳತೀನಿ."

ಆಮೇಲೆ ಅವ್ವ ಜೋರಾಗಿ "ಏ ಹುಡುಗಿ, ನನಗಂತ..." ಎಂದು ಶುರುಮಾಡಿದ್ದೇ ತಡ, ನಾನು ಗಡಬಡಿಸಿ ಫೋನ್ ಕಸಿದುಕೊಂಡು ಹೊರಗೆ ಓಡಿದೆ. ಅವಳ ಬಾಯಿಗೆ ಬೀಗವಿಲ್ಲ. ಅಂಗಳದಲ್ಲಿ ನಿಂತು ಕಿವಿಗೆ ಹಚ್ಚಿದಾಗ ಅವಳು ಇನ್ನೂ ಕೂಗುತ್ತಲೇ ಇದ್ದಳು. "ನನಗಂತ ತರಿಸಿದ್ದರ ಮ್ಯಾಲ ಆಕಿ ಕುಂತಾಳ! ಮತ್ತ ನಂದು ಯಾವಾಗ ಬರತದ?"

ಸೈದಾಪುರದ ಪ್ಲಾಟ್‌ಫಾರ್ಮಿನಲ್ಲಿ ನಾನು ಕೊಟ್ಟ ಸೀರೆಯುಟ್ಟಿದ್ದ ಹುಡುಗಿ ಮತ್ತು ಯಕ್ಕನ ಜೊತೆ ರೈಲು ಕಾಯುತ್ತಲೇ ಇನ್ನೊಂದು ಆರ್ಡರ್ ಮಾಡಿದೆ. ಕಂಪನಿಯ ಹುಡುಗಿಗೆ ಫೋನ್ ಮಾಡಿ, ಪಾರ್ಸೆಲ್ ತಲುಪಬೇಕಾದಲ್ಲಿ ತಲುಪಿದೆ, ನನ್ನ ದೂರು ತೆಗೆದುಹಾಕಿ ಎಂದೆ. ಅವಳು ಅಭ್ಯಾಸಬಲದಿಂದ ಅದಕ್ಕೂ ವಿಷಾದಿಸಿದಳು.

ಎರಡನೆಯ ಕುರ್ಚಿ ನೇರ ನನ್ನ ಕೈಗೇ ಬಂತು. ಕಾಲು ಜೋಡಿಸಿ, ಒತ್ತಿ ನೋಡಿ, ಅವ್ವನ ಮಂಚದ ಪಕ್ಕ ಇಟ್ಟೆ. ಅವಳು ಅದರ ಸುತ್ತ ಒಂದು ಸಲ ನಡೆದು, ಕುರಿ ಕೊಳ್ಳುವವಳ ಹಾಗೆ ಅಲ್ಲಿ ಇಲ್ಲಿ ತಟ್ಟಿ ನೋಡಿದಳು. "ನೀ ಹೊರಗ ಹೋಗು. ಬಾಗಲಾ ಹಾಕ್ಕೊಂಡು ಹೋಗು" ಎಂದಳು. ಹೊರಗೆ ಕಟ್ಟೆಯ ಮೇಲೆ ಕುಳಿತೆ. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಿವಿ ಒಳಗೇ ಇತ್ತು. ಅವಳು ಕೂಗಲಿಲ್ಲ. ಗೋಡೆ ಹಿಡಿದುಕೊಂಡು ತಾನೇ ಬಾಗಿಲು ತೆರೆದು ಹೊರಗೆ ಬಂದಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕುಳಿತಳು. ನನಗೆ ನೌಕರಿ ಸಿಕ್ಕ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

"ನೀರು ತಾ" ಎಂದಳು.

ತಂಬಿಗೆ ತುಂಬಿ ತಂದುಕೊಟ್ಟೆ. ಮುಖ ಮೇಲೆತ್ತಿ, ತಂಬಿಗೆ ತುಟಿಗೆ ತಾಗಿಸದೆ, ಗಟಗಟ ಸಪ್ಪಳ ಮಾಡುತ್ತ ಎಲ್ಲವನ್ನೂ ಕುಡಿದಳು. ಖಾಲಿ ತಂಬಿಗೆಯನ್ನು ನನ್ನ ಕೈಗಿಟ್ಟು, "ಇನ್ನೊಂದು ತಾ" ಎಂದಳು.