ಹನ್ನೆರಡು ನಿಮಿಷ

ನನ್ನ ತಮ್ಮನಿಗೆ ಊಟದ ಮುಂದೆ ಕೂತರೆ ಮಾತ್ರ ಅವಸರ, ಆಕಾಶದಲ್ಲಿ ಇರಲಿಲ್ಲ. ಪೈಲಟ್ ಆಗಿದ್ದ ಅವನಿಗೆ ಕಂಪನಿಯವರು ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ದೊಡ್ಡ ಏರ್‌ಲೈನ್ ಸೇರಬೇಕಾದರೆ ಸಾವಿರದೈನೂರು ಗಂಟೆ ಹಾರಿರಬೇಕು. ತರಬೇತಿ ಮುಗಿಸಿದಾಗ ಅವನ ಹತ್ತಿರ ಇದ್ದದ್ದು ಬರೀ ಇನ್ನೂರು. ಉಳಿದದ್ದನ್ನು ಕೂಡಿಸಲು ಆರು ವರ್ಷ ವಿಮಾನ ಬಾಡಿಗೆಗೆ ಬಿಡುವ ಸಣ್ಣಪುಟ್ಟ ಚಾರ್ಟರ್ ಕಂಪನಿಗಳ ಬಾಗಿಲು ಕಾದ. ಗಣಿ ಮಾಲೀಕರು, ಭಾಷಣಕ್ಕೆ ಹೊರಟ ಮುಖಂಡರು, ಒಮ್ಮೆ ನಲವತ್ತು ಪೆಟ್ಟಿಗೆ ಕೋಳಿಮರಿ, ಎಲ್ಲವನ್ನೂ ಹೊತ್ತು ತಿರುಗಿದ. ಹಾರಾಟವಿಲ್ಲದ ದಿನ ಹ್ಯಾಂಗರಿನ ಎಣ್ಣೆ ಕಲೆ ಒರೆಸುತ್ತಿದ್ದ.

ವಿಮಾನದ ಚಕ್ರ ಉರುಳಿದಾಗಿನಿಂದ ನಿಲ್ಲುವವರೆಗಿನ ಹೊತ್ತೆಲ್ಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಗಂಟೆಗೆ ಬಾಯಿ ಬಿಡುವ ಪೈಲಟ್‌ಗಳ ಚಾಳಿಯೊಂದು ಇವನಿಗೂ ಅಂಟಿತ್ತು: ಎಂಜಿನ್ ವೇಗ ಒಂಚೂರು ತಗ್ಗಿಸಿ ಬರುವುದು, ಇಳಿಯುವ ಮುಂಚೆ ದೊಡ್ಡ ಸುತ್ತು ಹಾಕುವುದು. ದಿನಕ್ಕೆ ಹತ್ತು ನಿಮಿಷ ಗಿಟ್ಟುತ್ತಿತ್ತು. ನಾನೇನು ಕಡಿಮೆಯೇ? ಸಂಜೆ ಅವನು ಶೂ ಬಿಚ್ಚುವ ಮೊದಲೇ "ಇವತ್ತೆಷ್ಟಾಯ್ತೋ?" ಎಂದು ಕೇಳಿ, ಹೆಚ್ಚು ಹೇಳಿದರೆ ಭೇಷ್ ಎನ್ನುತ್ತಿದ್ದೆ.

ಇನ್ನೆರಡು ಗಂಟೆ ಬಾಕಿ ಇದ್ದಾಗ, ಹೃದಯಾಘಾತವಾದ ಮೇಷ್ಟ್ರೊಬ್ಬರನ್ನು ದೊಡ್ಡಾಸ್ಪತ್ರೆಯ ಊರಿಗೆ ಮುಟ್ಟಿಸುವ ಕೆಲಸ ಬಂತು. ಹಿಂದೆ ಸ್ಟ್ರೆಚರ್ ಮೇಲೆ ಅವರು, ಪಕ್ಕದಲ್ಲಿ ಹೆಂಡತಿ ಮತ್ತು ನರ್ಸ್. ಆಕಾಶ ತಿಳಿಯಾಗಿತ್ತು, ಇಳಿಯಲು ಕಾದಿದ್ದ ಬೇರೆ ವಿಮಾನವೂ ಇರಲಿಲ್ಲ. ಆದರೂ ತಮ್ಮನ ಕೈ ತನ್ನ ಪಾಡಿಗೆ ಎಂಜಿನ್ ತಗ್ಗಿಸಿತು, ತನ್ನ ಪಾಡಿಗೆ ವಿಮಾನವನ್ನು ದೊಡ್ಡ ಸುತ್ತಿನತ್ತ ತಿರುಗಿಸಿತು.

"ಇನ್ನೆಷ್ಟು ಹೊತ್ತು ಸರ್?" ನರ್ಸ್ ಕೂಗಿದಳು.

"ಇನ್ನೇನು, ಬಂದ್ಬಿಟ್ವಿ," ಎಂದವನು ಗಡಿಯಾರ ನೋಡಿದ. ಅಷ್ಟು ಹೊತ್ತಿಗೆ ಅವರೆಲ್ಲ ನೆಲದ ಮೇಲಿರಬೇಕಿತ್ತು.

ಚಕ್ರ ನೆಲ ಮುಟ್ಟುವ ಮೊದಲೇ ಮೇಷ್ಟ್ರು ಹೋಗಿಬಿಟ್ಟಿದ್ದರು. ಕೆಳಗೆ ಕಾದಿದ್ದ ಡಾಕ್ಟರು, "ಒಂದ್ಹತ್ತು ನಿಮಿಷ ಮುಂಚೆ ಸಿಕ್ಕಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದರು. ಮೇಷ್ಟ್ರ ಹೆಂಡತಿ ತಮ್ಮನ ಕೈ ಹಿಡಿದುಕೊಂಡರು.

"ನೀವೇನ್ ಮಾಡ್ತೀರಪ್ಪಾ. ಒಂದಿಷ್ಟೂ ಅಲುಗಾಡಿಸ್ದೆ ಕರ್ಕೊಂಡ್ ಬಂದ್ರಿ."

ಮನೆಗೆ ಬಂದು ಇದಿಷ್ಟನ್ನೂ ಗೋಡೆ ನೋಡುತ್ತಾ ಹೇಳಿದ. ಅವನ ಕೆನ್ನೆಗೆ ಬಾರಿಸೋಣವೆನಿಸಿತು, ಆದರೆ ಕೈ ಎತ್ತಲು ನನಗ್ಯಾವ ಯೋಗ್ಯತೆ? ಆರು ವರ್ಷ ಬಾಗಿಲಲ್ಲಿ ನಿಂತು ಲೆಕ್ಕ ಕೇಳಿದವಳು ನಾನೇ.

ಅವನು ಊಟದ ಮೇಜಿನ ಮೇಲೆ ಹಾರಾಟದ ಲೆಕ್ಕದ ಲಾಗ್ ಪುಸ್ತಕ ತೆರೆದು, ಎರಡು ಗಂಟೆ ಐದು ನಿಮಿಷ ಎಂದು ಬರೆದ. ಸಾವಿರದೈನೂರು ದಾಟಿತು. ಎಂಜಿನ್ ತಗ್ಗಿಸಿ, ಸುತ್ತು ಹಾಕಿ ಗಿಟ್ಟಿಸಿದ ಹನ್ನೆರಡು ನಿಮಿಷ ಇರದಿದ್ದರೆ ದಾಟುತ್ತಿರಲಿಲ್ಲ.

"ಆ ಹನ್ನೆರಡು ನಿಮಿಷ ಹೊಡೆದ್ಹಾಕೋ, ನಿನ್ನ ಕಾಲಿಗೆ ಬೀಳ್ತೀನಿ," ಎಂದೆ.

"ಹೊಡೆದ್ಹಾಕಿದ್ರೆ ಸುಳ್ಳು ಬರೆದ ಹಾಗಾಗುತ್ತೆ ಅಕ್ಕಾ. ಹಾರಿದ್ದಂತೂ ನಿಜ ತಾನೇ?"

ಮುಂದಿನ ತಿಂಗಳು ಏರ್‌ಲೈನ್‌ನವರು ಪುಸ್ತಕವನ್ನು ಪುಟಪುಟವಾಗಿ ನೋಡಿ, ಎಲ್ಲೂ ಒಂದು ತಪ್ಪಿಲ್ಲವೆಂದು ಅವನನ್ನು ಸೇರಿಸಿಕೊಂಡರು.