ನಲವತ್ತೆಂಟು ಗಂಟೆಯ ಹಾಲಿವುಡ್

ಮೊನ್ನೆ ಶನಿವಾರ ಬೆಳಿಗ್ಗೆ ನನ್ನ ಸೋದರಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಯ ಟಿ.ವಿ. ಮುಂದೆ ಬಂದು ಕೂತರು. ನೋಡಬೇಕಿದ್ದದ್ದು ಒಂದು ಇಂಗ್ಲಿಷ್ ಸಿನಿಮಾದ ಕೊನೆಯ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕೆ ಅವರು ಕಾದದ್ದು ಹತ್ತಿರ ಹತ್ತಿರ ನಲವತ್ತು ವರ್ಷ.

ನೋಡಲಾಗಲಿಲ್ಲ. ನೋಡಲು ಬಿಡಲಿಲ್ಲ. ಅದಕ್ಕೇ, ಈ ಅಂಕಣಕ್ಕೆ ಹಂಪಿಯ ಪಾರ್ಕಿಂಗ್ ಬಗ್ಗೆ ಬರೆಯಲು ಕೂತವಳು ಅದನ್ನು ಬದಿಗಿಟ್ಟು, ಹೊಟ್ಟೆ ಉರಿದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮಾವನ ಹೆಸರು ಶರಣಪ್ಪ. ಊರು ಕಂಪ್ಲಿ. ಹೊಸಪೇಟೆಯ ಒಂದು ಟಾಕೀಸಿನಲ್ಲಿ (ಈಗ ಅಲ್ಲಿ ಮದುವೆ ಹಾಲ್ ಇದೆ) ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಆಗೆಲ್ಲ ಭಾನುವಾರದ ಮಾರ್ನಿಂಗ್ ಶೋಗೆ ಇಂಗ್ಲಿಷ್ ಸಿನಿಮಾ. ಡ್ಯಾಮ್ ಕಾಲೊನಿಯ ಎಂಜಿನಿಯರುಗಳು, ಗಣಿ ಆಫೀಸಿನವರು, ಕಾಲೇಜಿನವರು ಬರುತ್ತಿದ್ದರು. ಹಾಗೆ ಬಂದ ಒಂದು ಚಿತ್ರ ಹಳೆಯ ಹಾಲಿವುಡ್ಡಿನದು. ಸ್ಟುಡಿಯೋದ ಹಿಂದಿನ ಗೇಟಿನಿಂದ ಒಳಗೆ ಹೋಗುವ ಎಕ್ಸ್‌ಟ್ರಾ ನಟಿಯೊಬ್ಬಳು, ಒಂದಲ್ಲ ಒಂದು ದಿನ ಮುಂದಿನ ಗೇಟಿನಿಂದಲೇ ಹೋಗುತ್ತೇನೆಂದು ಹಟ ಹಿಡಿಯುವ ಕಥೆ. (ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಖರ್ಚಿನಲ್ಲಿ, ನೋಡಲು ಬಿಡದವರಿಗೆ ಪ್ರಚಾರ.)

ಒಟ್ಟು ಆರು ಡಬ್ಬಿ ರೀಲು. ಶೋಗೆ ಮೊದಲು ಆರೂ ಡಬ್ಬಿ ತೆರೆದು ನೋಡುವುದು ಆಪರೇಟರ್ ಕೆಲಸ. ಅವತ್ತು ಪ್ರಿಂಟ್ ತಂದ ಬಸ್ ತಡವಾಗಿತ್ತು, ಮಾವ ನೋಡಲಿಲ್ಲ. ಐದನೆಯ ರೀಲು ಓಡುತ್ತಿರುವಾಗ ಆರನೆಯ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬೇರೆ ಯಾವುದೋ ಸಿನಿಮಾದ ಫೈಟಿಂಗ್. ನಮ್ಮ ಪ್ರಿಂಟ್ ಹಿಂದಿನ ವಾರ ಸಂಡೂರಿನಲ್ಲಿ ಓಡಿ ಬಂದಿತ್ತು. ಅಲ್ಲೇ ಡಬ್ಬಿ ಅದಲುಬದಲಾಗಿತ್ತು.

ಮ್ಯಾನೇಜರ್ ತಲೆ ಕೆಡಿಸಿಕೊಳ್ಳಲಿಲ್ಲ. "ಇಂಗ್ಲಿಷ್ ಪಿಚ್ಚರು, ಯಾರಿಗೆ ತಿಳೀತೈತಿ? ಮುಗಸ್ಬಿಡೋ" ಅಂದನಂತೆ.

ಮಾವ ‘ವಂದನೆಗಳು’ ಸ್ಲೈಡ್ ತೋರಿಸಿ ಲೈಟ್ ಹಾಕಿದರು. ಜನ ಎದ್ದು ಹೋದರು. ಎಂಜಿನಿಯರ್ ಒಬ್ಬರು ಮಾತ್ರ ಮೆಟ್ಟಿಲು ಹತ್ತಿ ಕ್ಯಾಬಿನ್ನಿನ ಬಾಗಿಲಿಗೆ ಬಂದು, "ಮುಗೀತೇನಪ್ಪ? ಆ ಹುಡುಗಿ ಏನಾದ್ಲು?" ಎಂದು ಕೇಳಿದರು.

"ಅಷ್ಟೇರಿ ಸರ್. ಪಿಚ್ಚರ್ ಇರೋದೇ ಅಷ್ಟು."

ಆ ಸುಳ್ಳು ಮಾವನನ್ನು ಈವರೆಗೂ ಬಿಟ್ಟಿಲ್ಲ. ಮರುದಿನ ಪ್ರಿಂಟ್ ವಾಪಸ್ ಹೋಯಿತು. ಹುಡುಗಿ ಏನಾದಳೆಂದು ಅವರಿಗೂ ಗೊತ್ತಾಗಲಿಲ್ಲ.

ಈಗ ಮಾವನ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ನಡುವೆ ಒಂದಿಷ್ಟು ಜಾಗ ಮಾತ್ರ ಕಾಣುತ್ತದೆ. ಕಣ್ಣಿನೊಳಗಿನ ಒತ್ತಡಕ್ಕೆ ನರ ಸಾಯುತ್ತಿದೆ, ಉಳಿದದ್ದು ಎಷ್ಟು ದಿನವೋ ಹೇಳಲಾರೆ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಆಸ್ಪತ್ರೆಯಿಂದ ಹೊಸಪೇಟೆಯ ನಮ್ಮ ಮನೆಗೆ ಬಂದ ದಿನವೇ ಮಾವ ಕೇಳಿದರು: "ಗಿರಿಜವ್ವ, ನಿನ್ನ ಟಿ.ವಿ.ಯೊಳಗ ಎಲ್ಲಾ ಪಿಚ್ಚರ್ ಬರ್ತಾವಂತಲ್ಲ. ಅದೊಂದು ಬರ್ತೈತೇನು ನೋಡು."

ಎಲ್ಲಾ ಪಿಚ್ಚರ್. ನಾವೂ ಹಾಗೇ ನಂಬಿದ್ದೆವು, ಅಲ್ಲವೇ?

ನಮ್ಮ ಮನೆಯಲ್ಲಿ ಮೂರು ಸಿನಿಮಾ ಆ್ಯಪ್ ಇವೆ. ಮೊದಲನೆಯದರಲ್ಲಿ ಪೋಸ್ಟರ್ ಇತ್ತು, ಒತ್ತಿದರೆ ಬರೀ ಟ್ರೇಲರ್. ಎರಡನೆಯದು, ನೀವು ಕೇಳಿದ್ದು ಇಲ್ಲ, ಇದನ್ನು ನೋಡಿ ಎಂದು ದೆವ್ವದ ಸಿನಿಮಾ ತೋರಿಸಿತು. ಇನ್ನು ‘ಈ ಚಿತ್ರ ಎಲ್ಲಿ ನೋಡಬಹುದು’ ಎಂಬ ಲೇಖನಗಳೋ, ಇಂಟರ್ನೆಟ್ಟಿನಲ್ಲಿ ರಾಶಿ ಬಿದ್ದಿವೆ. ನಟಿ ಸಾಕಿದ ನಾಯಿಯ ಹೆಸರಿನವರೆಗೂ ಬರೆದು, ಕಟ್ಟಕಡೆಗೆ ‘ಸದ್ಯಕ್ಕೆ ಖಚಿತ ಮಾಹಿತಿ ಇಲ್ಲ’ ಅನ್ನುತ್ತವೆ. ಅದನ್ನು ಮೊದಲ ಸಾಲಿನಲ್ಲೇ ಹೇಳಲು ಏನು ಧಾಡಿ?

ಕೊನೆಗೆ ಮೂರನೆಯ ಆ್ಯಪ್‌ನಲ್ಲಿ ಸಿಕ್ಕಿತು. ಬಾಡಿಗೆಗೆ. (ತಿಂಗಳ ಚಂದಾ ಕಟ್ಟಿದವರಿಗೂ ಬಾಡಿಗೆ ಬೇರೆ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.) ಕೊಟ್ಟೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಮಾವ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತು, ಕುತ್ತಿಗೆ ಓರೆ ಮಾಡಿ ನೋಡಿದರು. ಇಪ್ಪತ್ತು ನಿಮಿಷಕ್ಕೆ ಕೈ ಎತ್ತಿದರು. "ಒಂದನೇ ಡಬ್ಬಿ ಮುಗೀತು, ನಿಲ್ಸವ್ವ." ಕಣ್ಣಿಗೆ ವಿಶ್ರಾಂತಿ. ಆಮೇಲೆ ಎರಡನೆಯ ಡಬ್ಬಿ, ಮತ್ತೆ ವಿಶ್ರಾಂತಿ. ರೀಲು ಎಲ್ಲಿ ಬದಲಾಗುತ್ತದೆಂದು ಇಷ್ಟು ವರ್ಷದ ಮೇಲೂ ಅವರಿಗೆ ನೆನಪಿತ್ತು. ಗುರುವಾರ ಮೂರು ಡಬ್ಬಿ, ಶುಕ್ರವಾರ ಎರಡು.

ಐದು ಮುಗಿದಾಗ ಮಾವ ಟಿ.ವಿ.ಯತ್ತ ಬೆರಳು ಮಾಡಿದರು. "ಇಲ್ಲೇ ನೋಡವ್ವ, ನಾ ಸ್ಲೈಡ್ ಹಾಕಿದ್ದು."

ಇನ್ನು ಇಪ್ಪತ್ತೇ ನಿಮಿಷ, ನೋಡಿಬಿಡೋಣ ಅಂದೆ.

"ಬ್ಯಾಡ. ಕಣ್ಣಾಗ ನೀರು ಬರಾಕ ಹತ್ತೈತಿ, ಎಲ್ಲಾ ಮಂಜು. ನಾಳೆ ಜಳಕ ಮಾಡಿ ಸಮಾಧಾನದಿಂದ ಕುಂದರ್ತೀನಿ. ಡಬ್ಬಿ ಮನ್ಯಾಗ ಐತಲ್ಲ, ಎಲ್ಲಿ ಹೋಗ್ತೈತಿ?"

ಅವರ ಲೆಕ್ಕ ಅದು. ಬಸ್ಸಿನಿಂದ ಇಳಿಸಿಕೊಂಡು, ಸಹಿ ಹಾಕಿ, ಕ್ಯಾಬಿನ್ನಿಗೆ ತಂದಿಟ್ಟ ಡಬ್ಬಿ ತಾನಾಗಿ ಎದ್ದು ಹೋಗುವುದಿಲ್ಲ. ಆದರೆ ನನಗಾದರೂ ಬುದ್ಧಿ ಬೇಡವೇ?

ಶನಿವಾರ ಹತ್ತು ಗಂಟೆಗೆ ಒತ್ತಿದೆ. ‘ನಿಮ್ಮ ಬಾಡಿಗೆ ಅವಧಿ ಮುಗಿದಿದೆ.’ ಶುರು ಮಾಡಿದಲ್ಲಿಂದ ನಲವತ್ತೆಂಟು ಗಂಟೆಯಂತೆ. ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರಂತೆ. ಸರಿ, ನನ್ನ ತಪ್ಪು, ಇನ್ನೊಮ್ಮೆ ಬಾಡಿಗೆ ಕೊಡೋಣವೆಂದರೆ ಬಾಡಿಗೆಯ ಬಟನ್ನೇ ಮಾಯ. ‘ಈ ಚಿತ್ರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.’ ಶುಕ್ರವಾರ ತಿಂಗಳ ಕೊನೆ. ಚಿತ್ರ ತೋರಿಸಲು ಯಾರದೋ ಯಾರ ಜೊತೆಗಿನದೋ ಒಪ್ಪಂದವೂ ಅಂದೇ ಕೊನೆಯಂತೆ. ಬೆಳಗಾಗುವುದರೊಳಗೆ ಹೊಸಪೇಟೆ ಯಾವ ಪ್ರದೇಶವಾಯಿತು ಸ್ವಾಮಿ?

ಕಸ್ಟಮರ್ ಕೇರ್‌ಗೆ ಬರೆದೆ. ಒಂದು ಯಂತ್ರ ಉತ್ತರಿಸಿತು: ‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ.’ ಏನು ಅರ್ಥವಾಯಿತು? ಕಣ್ಣು ಹೋಗುತ್ತಿರುವ ಮನುಷ್ಯನಿಗೆ ಐದು ಡಬ್ಬಿ ತೋರಿಸಿ ಆರನೆಯದನ್ನು ಕಿತ್ತುಕೊಂಡದ್ದೇ?

ಟಾಕೀಸಿನಲ್ಲಿ ಮಧ್ಯೆ ಕರೆಂಟ್ ಹೋದರೆ, ಅದೇ ಟಿಕೆಟ್ಟಿಗೆ ನಾಳೆ ಬರ್ರಿ ಅನ್ನುತ್ತಿದ್ದರು. ಮ್ಯಾನೇಜರ್ ಲುಚ್ಚಾ ಇರಬಹುದು, ಆದರೆ ಗೇಟಿನಲ್ಲಿ ನಿಂತಿರುತ್ತಿದ್ದ. ಕೊರಳಪಟ್ಟಿ ಹಿಡಿಯಬಹುದಿತ್ತು. ಸುಳ್ಳು ಹೇಳಿದ ಆಪರೇಟರ್ ನಲವತ್ತು ವರ್ಷ ಅದಕ್ಕೆ ಕೊರಗಿದ್ದಾನೆ. ಈ ಆ್ಯಪ್‌ನವರಲ್ಲಿ ಒಬ್ಬರಾದರೂ ಒಂದು ರಾತ್ರಿ ಕೊರಗಿಯಾರೇ?

ಮಾವನ ಮುಖ ನೋಡಲಾಗದೆ ಫೋನ್ ತೆಗೆದೆ. ಕ್ಲೈಮ್ಯಾಕ್ಸ್ ಪೂರ್ತಿ ಇದರಲ್ಲಿ ಬರೆದಿದ್ದಾರೆ, ಓದಿ ಹೇಳುತ್ತೇನೆ ಅಂದೆ.

"ಬ್ಯಾಡ ಗಿರಿಜವ್ವ. ಕೇಳಾಕ ಮುಂದ ಭಾಳ ದಿನ ಅದಾವ. ನೋಡಾಕ ಕಮ್ಮಿ ಅದಾವ."

ಹೇಳಿ, ಒಳಗೆ ಹೋಗಿ ಮಲಗಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸಂಜೆ ಪಕ್ಕದ ಮನೆಯ ಮೇಷ್ಟ್ರಿಗೆ ವಿಷಯ ತಿಳಿಯಿತು. "ಮೇಡಂ, ಎಲ್ಲಿಂದರೆ ಡೌನ್‌ಲೋಡ್ ಮಾಡಿ ಕೊಡ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ" ಅಂದರು. ಕದ್ದು ಸಿನಿಮಾ ನೋಡುವುದೂ ಕಳ್ಳತನವೇ ಎಂದು ಇದೇ ಅಂಕಣದಲ್ಲಿ ಉಪದೇಶ ಮಾಡಿದವಳು ನಾನು. ಈಗಲೂ ಕಳ್ಳತನವೇ ಅನ್ನುತ್ತೇನೆ. ಅಂದುಕೊಂಡೇ ಪೆನ್‌ಡ್ರೈವ್ ಹುಡುಕಿ ಅವರ ಕೈಗೆ ಕೊಟ್ಟಿದ್ದೇನೆ. ಇಗೋ, ಎಲ್ಲರ ಮುಂದೆಯೂ ಹೇಳಿದ್ದಾಯಿತು.

ದುಡ್ಡು ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿಕೊಂಡ ಮಹಾನುಭಾವರು ನನ್ನನ್ನು ಕಳ್ಳಿ ಅನ್ನುವುದಾದರೆ, ಧಾರಾಳವಾಗಿ ನಮ್ಮ ಮನೆಗೆ ಬಂದು ಮಾವನ ಎದುರು ನಿಂತು ಅನ್ನಲಿ. ಆದರೆ ಸ್ವಲ್ಪ ಜಲ್ದಿ ಬರಲಿ, ಅವರ ಮುಖ ಮಾವನಿಗೆ ಕಾಣಬೇಕಲ್ಲ?