ಮುನಿಯಮ್ಮನವರ ಪದ, ನನ್ನ ಹೆಸರು

ಮುನಿಯಮ್ಮ, ಆ ಯೋಚನೆ ನಿಮ್ಮದಾಗಿತ್ತು. ಯಜಮಾನರು ಕೇಳಿದಾಗ ನನ್ನದೆಂದು ಸುಳ್ಳು ಹೇಳಿದೆ. ಅದರಿಂದ ನನಗೆ ಬಡ್ತಿ ಸಿಕ್ಕಿತು. ನಿಮಗೆ ಬರಬೇಕಾಗಿದ್ದ ಲೀಡರ್ ಕೆಲಸ — ಬರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಪೀಣ್ಯದಲ್ಲಿ ಶೀಟು ಹೊದಿಸಿದ ಸಣ್ಣ ಕಾರ್ಖಾನೆ, ಮೋಟಾರಿಗೆ ಕಾಯಿಲ್ ಸುತ್ತುವ ಕೆಲಸ. ನಾನು ಹೊಸದಾಗಿ ಬಂದ ಸೂಪರ್‌ವೈಸರ್. ನೀವು ಹದಿನಾಲ್ಕು ಹೆಂಗಸರು ದಾಸರಹಳ್ಳಿ ಕಡೆಯಿಂದ ನಡೆದು ಬರುತ್ತಿದ್ದಿರಿ. ಎಡಗೈಯಲ್ಲಿ ತಾಮ್ರದ ತಂತಿ, ಬಲಗೈಯಲ್ಲಿ ಯಂತ್ರದ ಹಿಡಿ, ಬಾಯಲ್ಲಿ ರಾಗಿ ಬೀಸುವ ಪದ. ನನಗೋ ಎಂಟಕ್ಕೆ ಗಂಟೆ, ಹತ್ತಕ್ಕೆ ಟೀ, ನಡುವೆ ಮೌನ. ಮೊದಲ ವಾರವೇ ಹಾಡು ನಿಲ್ಲಿಸಿದೆ. ಹಾಡಿಲ್ಲದಿದ್ದರೆ ಮನಸ್ಸು ಕೆಲಸದಲ್ಲಿ ನಿಲ್ಲುತ್ತದೆಂದು ನಂಬಿದ್ದೆ.

ಮುಖಗಳು ಬಾಡಿದವು. ಒಂದು ಕಾಯಿಲಿನಲ್ಲಿ ಸುತ್ತು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಬೈದೆ. ತಪ್ಪು ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆದೆ. ಮಾಲು ಇನ್ನಷ್ಟು ಕೆಟ್ಟಿತು.

ಒಂದು ಬೆಳಿಗ್ಗೆ ನೀವು ಎದ್ದು ನನ್ನ ಮೇಜಿಗೆ ಬಂದಿರಿ.

"ಸಾರ್, ನಾವು ಎಣ್ಸೋದೇ ಪದದಾಗೆ. ಒಂದು ಸಾಲ್ಗೆ ಹತ್ತು ಸುತ್ತು. ಹನ್ನೆರಡು ಸಾಲು ಮುಗುದ್ರೆ ಒಂದ್ ಕಾಯ್ಲು. ಬಾಯಿ ಮುಚ್ಚಿಸ್ಬುಟ್ರೆ ಲೆಕ್ಕ ಎಲ್ಲಿಂದ ತರಾನ?"

"ಮನಸ್ಸಲ್ಲೇ ಎಣಿಸಕ್ಕೆ ಬರಲ್ವೇನಮ್ಮ?"

"ಬತ್ತದೆ. ಆದ್ರೆ ಕೈ ನೋಯ್ತದೆ. ಪದ ಇದ್ರೆ ಯಾರ್ದೋ ಕೈ ಅನ್ನಂಗೆ ತಿರುಗ್ತದೆ. ನೀವೇ ಒಂದ್ ಕಾಯ್ಲು ಸುತ್ತಿ ನೋಡಿ, ಸಾರ್!"

ಹದಿನಾಲ್ಕು ಜನರೆದುರು ಹಿಂದೆ ಸರಿಯುವುದು ಹೇಗೆ? ನಿಮ್ಮ ಸ್ಟೂಲಿನ ಮೇಲೆ ಕುಳಿತೆ. ನೀವು ಪದ ಎತ್ತಿದಿರಿ. ನಡುವೆ ಅಲ್ಲೇ ಕಟ್ಟಿದ ಒಂದು ಸಾಲನ್ನೂ ಸೇರಿಸಿಬಿಟ್ಟಿರಿ — "ಗಡಿಯಾರ ನುಂಗಿದ ಸಾಯೇಬ, ಕೆಮ್ಮಿದ್ರೂ ಟಿಕ್ ಟಿಕ್ ಅಂತಾನೆ!" ಶೀಟು ಹಾರಿಹೋಗುವಂತೆ ನಗು. ನನಗೂ ತಡೆಯಲಾಗಲಿಲ್ಲ, ಆ ಕಾರ್ಖಾನೆಯಲ್ಲಿ ನಾನು ನಕ್ಕಿದ್ದು ಅದೇ ಮೊದಲು. ನಗುತ್ತಲೇ ಸುತ್ತಿದ ಆ ಕಾಯಿಲನ್ನು ಬಿಚ್ಚಿ ಎಣಿಸಿದೆ. ಸರಿಯಾಗಿ ನೂರಿಪ್ಪತ್ತು.

ಮರುದಿನದಿಂದ ಪದ ಮತ್ತೆ ಶುರುವಾಯಿತು. ಎಂಥ ದಿನಗಳವು! ಪಕ್ಕದ ಕಾರ್ಖಾನೆಯವರು ಟೀ ಲೋಟ ಹಿಡಿದು ನಮ್ಮ ಕಾಂಪೌಂಡಿಗೆ ಒರಗಿ ಕೇಳುತ್ತಿದ್ದರು. ಕೆಟ್ಟ ಮಾಲು ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ದಿನ ಯಜಮಾನರೇ ಬಂದು ನಿಂತರು.

"ಏನ್ರೀ ಇದು, ಮದುವೆ ಮನೆ ಥರ ಇದೆ! ಮಾಲೂ ಸಕ್ಕತ್ತಾಗಿ ಬರ್ತಿದೆ. ಯಾರ ಐಡಿಯಾ? ಅಂಥವರನ್ನ ಮೇಲಕ್ಕೆ ತರಬೇಕು ಕಣ್ರೀ."

"ನನ್ನದೇ, ಸಾರ್."

ನೀವು ನಾಲ್ಕು ಹೆಜ್ಜೆ ದೂರದಲ್ಲಿದ್ದಿರಿ. ಪದ ನಿಲ್ಲಲಿಲ್ಲ. ನಿಮಗೆ ಕೇಳಿಸಿತೋ, ಇಲ್ಲವೋ — ಇಂದಿಗೂ ನನಗೆ ತಿಳಿಯದು.

ನಾನು ಮ್ಯಾನೇಜರ್ ಆದೆ. ಕೆಲಸಗಾರರ ಉತ್ಸಾಹ ಉಳಿಸುವುದು ಹೇಗೆಂದು ಬೇರೆ ಕಾರ್ಖಾನೆಗಳಿಗೂ ಹೋಗಿ ಮಾತನಾಡಿದೆ. "ಏನನ್ನಾದರೂ ನಿಲ್ಲಿಸುವ ಮೊದಲು ಅವರ ಜಾಗದಲ್ಲಿ ಕುಳಿತು ಅವರ ಕೆಲಸ ಮಾಡಿ ನೋಡಿ" ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ನನ್ನನ್ನು ಕೂರಿಸಿದವರು ಯಾರೆಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ನಿಮ್ಮ ಹದಿನಾಲ್ವರ ಮೇಲೆ ಲೀಡರಾಗಿ ಹೊರಗಿನ ಒಬ್ಬ ಬಂದ. ಅವನಿಗೆ ಪದದ ಲೆಕ್ಕ ಕಲಿಸಿದವರೂ ನೀವೇ. ನಿವೃತ್ತಿಯವರೆಗೆ ನೀವು ಅದೇ ಸ್ಟೂಲಿನ ಮೇಲಿದ್ದಿರಿ.

ಈ ಭಾನುವಾರ ನಿಮ್ಮ ಮರಿಮಗಳ ನಾಮಕರಣಕ್ಕೆ ನನ್ನನ್ನೂ ಕರೆದಿದ್ದೀರಿ. ಆಗ ನಿಮ್ಮ ಜೊತೆಗಿದ್ದವರಲ್ಲಿ ಉಳಿದಿರುವ ಒಂಬತ್ತು ಮಂದಿಯೂ ಬರುತ್ತಾರಂತೆ. ಕೇಳಿ ಮನಸ್ಸು ಕುಣಿಯಿತು, ಆಮೇಲೆ ಕುಸಿಯಿತು. ಬರುತ್ತೇನೆ, ಮುನಿಯಮ್ಮ. ಅವರೆಲ್ಲರ ಎದುರು ನಿಂತು ಈ ಕಾಗದವನ್ನೇ ಓದುತ್ತೇನೆ — ಊಟಕ್ಕೆ ಮೊದಲು. ಆಮೇಲೆ ನನಗೆ ಎಲೆ ಹಾಕುವುದೂ ಬಿಡುವುದೂ ನಿಮಗೆ ಸೇರಿದ್ದು.